ಪ್ರಾದೇಶಿಕ ಗಾಲ್ಫ್ ಟೂರ್‌ನಲ್ಲಿ ಮೊದಲ ಋತುವನ್ನು ದಾಟುವುದು ಹೇಗೆ

ಗುರುವಾರ ಬೆಳಿಗ್ಗೆ 144 ಅಥವಾ 156 ಮಂದಿ ಆಟ ಆರಂಭಿಸುತ್ತಾರೆ. ಶುಕ್ರವಾರ ಸಂಜೆ 36 ಹೋಲ್‌ಗಳು, ಅಂದರೆ ಎರಡು ಸುತ್ತು, ಮುಗಿದಾಗ, ಹೆಚ್ಚಿನ ಟೂರ್‌ಗಳಲ್ಲಿ (ವೃತ್ತಿಪರ ಟೂರ್ನಿಗಳ ಸರಣಿಗಳಲ್ಲಿ) ಮೊದಲ 50ರಿಂದ 65 ಸ್ಥಾನಗಳಲ್ಲಿರುವವರು ಮತ್ತು ಕೊನೆಯ ಸ್ಥಾನದವರೊಂದಿಗೆ ಸಮ ಸ್ಕೋರ್ ಮಾಡಿದವರು ಮಾತ್ರ ಕಣದಲ್ಲಿ ಉಳಿಯುತ್ತಾರೆ. ಇದಕ್ಕೆ ಕಟ್ ಎನ್ನುತ್ತಾರೆ. ಕಟ್ ತಪ್ಪಿದವರಿಗೆ ಆ ವಾರ ಸಾಮಾನ್ಯವಾಗಿ ಒಂದು ಕಾಸೂ ಹುಟ್ಟುವುದಿಲ್ಲ. ಪ್ರಯಾಣ, ವಸತಿ, ಪ್ರವೇಶ ಶುಲ್ಕ, ಚೀಲ ಹೊತ್ತು ಸಲಹೆ ಕೊಡುವ ಕ್ಯಾಡಿಯ ಕೂಲಿ ಎಲ್ಲವೂ ಕೈಯಿಂದಲೇ ಹೋಗುತ್ತವೆ. ಉಳಿದವರ ನಡುವೆಯೂ ಹಣ ಸಮನಾಗಿ ಹಂಚಿಕೆಯಾಗುವುದಿಲ್ಲ. ಅಮೆರಿಕದ ಪಿಜಿಎ ಟೂರ್‌ನ ರೂಢಿಯ ಹಂಚಿಕೆಯನ್ನೇ ಮಾದರಿಯಾಗಿ ತೆಗೆದುಕೊಂಡರೆ, ಒಟ್ಟು ಬಹುಮಾನದಲ್ಲಿ ಗೆದ್ದವರಿಗೆ ಶೇ 18, ಎರಡನೆಯವರಿಗೆ ಶೇ 10.9, ಹತ್ತನೆಯವರಿಗೆ ಶೇ 2.7ರಷ್ಟು ಸಿಗುತ್ತದೆ. ಕಟ್‌ನ ಅಂಚಿನಲ್ಲಿ ದಾಟಿ ಕೊನೆಯಲ್ಲಿ ಮುಗಿಸಿದವರ ಪಾಲು ಶೇ 0.2ರ ಆಸುಪಾಸಿನಲ್ಲಿರುತ್ತದೆ. ನಾಲ್ಕು ದಿನ ಒಂದೇ ಮೈದಾನದಲ್ಲಿ ಆಡಿದ ಇಬ್ಬರ ನಡುವೆ ಎಂಬತ್ತು, ತೊಂಬತ್ತು ಪಟ್ಟಿನ ಅಂತರವಿರುವ ಕಸುಬು ಇದು.

ಹೀಗಿರುವಾಗ ಇಪ್ಪತ್ತು ಟೂರ್ನಿ ಆಡಿದ ಆಟಗಾರರ ವರ್ಷದ ಗಳಿಕೆಯ ಬಹುಪಾಲು ಎರಡು ಮೂರು ವಾರಗಳಲ್ಲೇ ಬಂದಿರುತ್ತದೆ. ಆ ವಾರಗಳು ಯಾವುವೆಂದು ಮುಂಚಿತವಾಗಿ ಯಾರಿಗೂ ತಿಳಿಯದು. ಹದಿನಾರನೇ ಟೂರ್ನಿಯಲ್ಲಿ ಅದು ಕಾದಿದ್ದರೆ, ಹದಿನಾಲ್ಕನೆಯದಕ್ಕೇ ಹಣ ಮುಗಿದವರಿಗೆ ಅಥವಾ ಬೆನ್ನು ಹಿಡಿದುಕೊಂಡು ಮನೆಗೆ ಮರಳಿದವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆದುದರಿಂದ ಮೊದಲ ಋತುವಿನ ಯೋಜನೆ ಒಂದೇ ಪ್ರಶ್ನೆಯ ಸುತ್ತ ಇರಬೇಕು: ಆ ಒಳ್ಳೆಯ ವಾರ ಬಂದಾಗ ಕಣದಲ್ಲಿರಲು ಹಣ, ದೇಹ ಮತ್ತು ಟೂರ್‌ನಲ್ಲಿನ ಸ್ಥಾನ ಈ ಮೂರೂ ನಿಮ್ಮ ಬಳಿ ಉಳಿದಿರುತ್ತವೆಯೇ? ಮುಂದಿನ ಸಲಹೆಗಳೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿದವು. ಸ್ವಿಂಗ್ ತಿದ್ದುವ ವಿಷಯ ಇಲ್ಲಿಲ್ಲ. ಅದಕ್ಕೆ ನಿಮ್ಮ ತರಬೇತುದಾರರಿದ್ದಾರೆ.

ಮೊದಲು ಓದಬೇಕಾದದ್ದು ಅರ್ಹತಾ ಪಟ್ಟಿ

ಟೂರ್ ಕಾರ್ಡ್ ಸಿಕ್ಕಿತು ಎಂದ ಕೂಡಲೇ ಎಲ್ಲ ಟೂರ್ನಿಗಳ ಬಾಗಿಲು ತೆರೆಯಿತು ಎಂದು ಹೊಸಬರು ತಿಳಿಯುತ್ತಾರೆ. ವಾಸ್ತವದಲ್ಲಿ ಕಾರ್ಡ್ ಎಂದರೆ ಒಂದು ಸರದಿ ಸಾಲಿನಲ್ಲಿ ನಿಮಗೆ ಸಿಕ್ಕ ಜಾಗ, ಅಷ್ಟೆ. ಪ್ರತಿಯೊಂದು ಟೂರ್ ತನ್ನ ಆಟಗಾರರನ್ನು ವರ್ಗಗಳಾಗಿ ವಿಂಗಡಿಸಿರುತ್ತದೆ. ಹಿಂದಿನ ಋತುವಿನಲ್ಲಿ ಗೆದ್ದವರು, ಹಿಂದಿನ ವರ್ಷದ ಆರ್ಡರ್ ಆಫ್ ಮೆರಿಟ್‌ನಲ್ಲಿ (ಗಳಿಕೆ ಅಥವಾ ಅಂಕಗಳ ಪಟ್ಟಿಯಲ್ಲಿ) ಮೇಲಿದ್ದವರು, ಕ್ಯೂ-ಸ್ಕೂಲ್ ಎಂಬ ಅರ್ಹತಾ ಸುತ್ತಿನಿಂದ ಬಂದವರು, ಗಾಯದಿಂದ ಮರಳುತ್ತಿರುವವರು, ಪ್ರಾಯೋಜಕರ ಆಹ್ವಾನಿತರು ಹೀಗೆ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಟೂರ್ನಿಗೆ 144 ಜಾಗಗಳಿದ್ದರೆ ಮೇಲಿನಿಂದ ಎಣಿಸುತ್ತ ಬರುತ್ತಾರೆ, ಜಾಗ ಮುಗಿದಲ್ಲಿ ಗೆರೆ ಎಳೆಯುತ್ತಾರೆ. ಚಳಿಗಾಲದಲ್ಲಿ ಹಗಲು ಕಡಿಮೆಯಿರುವ ಊರಿನಲ್ಲಿ ಅದೇ ಟೂರ್ನಿಗೆ 120 ಜಾಗಗಳು ಮಾತ್ರ ಇರಬಹುದು, ಆಗ ನೀವು ಗೆರೆಯ ಹೊರಗುಳಿಯುತ್ತೀರಿ. ಆದ್ದರಿಂದ ಋತು ಆರಂಭವಾಗುವ ಮೊದಲು ಟೂರ್‌ನ ಅರ್ಹತಾ ನಿಯಮಗಳ ಪುಸ್ತಕವನ್ನು ಪೂರ್ತಿ ಓದಿ, ನಿಮ್ಮ ವರ್ಗದಲ್ಲಿ ನಿಮ್ಮ ಕ್ರಮಸಂಖ್ಯೆ ಎಷ್ಟು, ಕಳೆದ ವರ್ಷ ಅದೇ ವರ್ಗದ ಅದೇ ಸಂಖ್ಯೆಯ ಆಟಗಾರರಿಗೆ ಎಷ್ಟು ಟೂರ್ನಿಗಳಲ್ಲಿ ಜಾಗ ಸಿಕ್ಕಿತ್ತು ಎಂಬುದನ್ನು ಪ್ರವೇಶ ಪಟ್ಟಿಗಳನ್ನು ಮುಂದಿಟ್ಟುಕೊಂಡು ಎಣಿಸಬೇಕು. ಎರಡು ಗಂಟೆಯ ಕೆಲಸ. ಆದರೆ ಇದನ್ನು ಮಾಡಿದವರು ವಿಮಾನದ ಟಿಕೆಟ್‌ಗಳನ್ನು ವ್ಯರ್ಥ ಮಾಡುವುದು ಕಡಿಮೆ.

ಅನೇಕ ಟೂರ್‌ಗಳಲ್ಲಿ ಋತುವಿನ ನಡುವೆ ಒಂದೆರಡು ಬಾರಿ ಮರುಶ್ರೇಯಾಂಕ ನಡೆಯುತ್ತದೆ. ಕ್ಯೂ-ಸ್ಕೂಲ್‌ನಿಂದ ಬಂದವರನ್ನೂ ಅವರ ಸಮೀಪದ ವರ್ಗದವರನ್ನೂ ಅಲ್ಲಿಯವರೆಗಿನ ಗಳಿಕೆ ಅಥವಾ ಅಂಕಗಳ ಆಧಾರದ ಮೇಲೆ ಹೊಸದಾಗಿ ಸಾಲಿನಲ್ಲಿ ನಿಲ್ಲಿಸುತ್ತಾರೆ. ಕ್ಯೂ-ಸ್ಕೂಲ್‌ನಲ್ಲಿ ಮೂವತ್ತನೆಯವರಾಗಿದ್ದವರು ಮೊದಲ ಐದಾರು ಟೂರ್ನಿಗಳಲ್ಲಿ ಒಂದು ಬಾರಿ ಮೊದಲ ಹತ್ತರೊಳಗೆ ಮುಗಿಸಿದರೆ ಸಾಲಿನ ಮುಂಚೂಣಿಗೆ ಬರಬಹುದು. ಮೂರನೆಯವರಾಗಿದ್ದವರು ಸತತವಾಗಿ ಕಟ್ ದಾಟದೆ ಹೋದರೆ ಹಿಂದೆ ಸರಿಯಬಹುದು. ಹೀಗಾಗಿ ಮರುಶ್ರೇಯಾಂಕದ ದಿನಾಂಕವನ್ನು ಮೊದಲು ಗುರುತಿಸಿ, ಅದಕ್ಕಿಂತ ಮುಂಚೆ ನಿಮಗೆ ಜಾಗವಿರುವ ಟೂರ್ನಿಗಳಲ್ಲಿ ಯಾವುದನ್ನೂ ಲಘುವಾಗಿ ಬಿಡಬಾರದು. ವಿಶ್ರಾಂತಿಯ ವಾರಗಳನ್ನು ಅದರ ನಂತರಕ್ಕೆ ಇಟ್ಟುಕೊಳ್ಳುವುದೇ ಜಾಣತನ.

ನೀವು ಆಡುತ್ತಿರುವ ಟೂರ್ ಎಲ್ಲಿಗೆ ದಾರಿ ಮಾಡಿಕೊಡುತ್ತದೆ ಎಂಬುದೂ ತಿಳಿದಿರಬೇಕು. 1990ರಲ್ಲಿ ಬೆನ್ ಹೋಗನ್ ಟೂರ್ ಎಂಬ ಹೆಸರಿನಲ್ಲಿ ಆರಂಭವಾಗಿ, ಪ್ರಾಯೋಜಕರು ಬದಲಾದಂತೆಲ್ಲ ಹೆಸರು ಬದಲಿಸುತ್ತ ಬಂದು, 2019ರಿಂದ ಕಾರ್ನ್ ಫೆರಿ ಟೂರ್ ಎನಿಸಿಕೊಂಡಿರುವ ಟೂರ್ ಪಿಜಿಎ ಟೂರ್‌ನ ಕೆಳಗಿನ ಮೆಟ್ಟಿಲು. ಅದರ ಕೆಳಗೆ, ಕೆನಡಾ ಮತ್ತು ಲ್ಯಾಟಿನ್ ಅಮೆರಿಕದ ಟೂರ್‌ಗಳನ್ನು ಸೇರಿಸಿ 2024ರಲ್ಲಿ ಆರಂಭಿಸಿದ ಪಿಜಿಎ ಟೂರ್ ಅಮೆರಿಕಾಸ್ ಇದೆ. ಯುರೋಪಿನಲ್ಲಿ ಬಹುಕಾಲ ಚಾಲೆಂಜ್ ಟೂರ್ ಎಂದು ಹೆಸರಾಗಿದ್ದದ್ದು ಅಲ್ಲಿನ ಮೇಲಿನ ಟೂರ್ ಆದ ಡಿಪಿ ವರ್ಲ್ಡ್ ಟೂರ್‌ಗೆ ಏರುವ ದಾರಿ. ಏಷ್ಯನ್ ಟೂರ್‌ನ ಕೆಳಗೆ 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಟೂರ್ ಆರಂಭವಾಯಿತು. ಏರುವ ಜಾಗಗಳ ಸಂಖ್ಯೆ ಸ್ಥಿರವಾಗಿರುವುದಿಲ್ಲ: ಕಾರ್ನ್ ಫೆರಿಯಿಂದ 2024ರಲ್ಲಿ 30 ಮಂದಿಗೆ ಪಿಜಿಎ ಟೂರ್ ಕಾರ್ಡ್ ಸಿಕ್ಕಿತ್ತು, 2025ರ ಋತುವಿಗೆ ಅದನ್ನು 20ಕ್ಕೆ ಇಳಿಸಲಾಯಿತು. ಇಪ್ಪತ್ತೈದನೇ ಸ್ಥಾನದಲ್ಲಿದ್ದವರಿಗೆ ಈ ಒಂದು ನಿರ್ಧಾರದ ಬೆಲೆ ಎಷ್ಟೆಂದು ವಿವರಿಸಬೇಕಿಲ್ಲ.

ಇನ್ನೊಂದು ದಾರಿ ಅಪರೂಪದ್ದು, ಆದರೆ ಇದೆ. ಒಂದೇ ಋತುವಿನಲ್ಲಿ ಮೂರು ಟೂರ್ನಿ ಗೆದ್ದವರನ್ನು ವರ್ಷಾಂತ್ಯಕ್ಕೆ ಕಾಯಿಸದೆ ಮೇಲಿನ ಟೂರ್‌ಗೆ ಕಳುಹಿಸುವ ನಿಯಮ ಕೆಲವು ಕಡೆ ಇದೆ. ಮುಂದೆ ಐದು ಮೇಜರ್‌ಗಳನ್ನು (ಗಾಲ್ಫ್‌ನ ಅತಿ ಪ್ರತಿಷ್ಠಿತ ಟೂರ್ನಿಗಳನ್ನು) ಗೆದ್ದ ಅಮೆರಿಕದ ಬ್ರೂಕ್ಸ್ ಕೆಪ್ಕಾ ತನ್ನ ವೃತ್ತಿಯ ಆರಂಭದಲ್ಲಿ ಯುರೋಪಿನ ಚಾಲೆಂಜ್ ಟೂರ್‌ಗೆ ಹೋಗಿ, 2013ರಲ್ಲಿ ಮೂರು ಟೂರ್ನಿ ಗೆದ್ದು ಮೇಲೇರಿದ್ದು ಹೀಗೆಯೇ. ಸ್ವದೇಶದಲ್ಲಿ ಸರದಿ ಉದ್ದವಿದ್ದರೆ ಬೇರೆ ಖಂಡದ ಟೂರ್‌ನ ಕ್ಯೂ-ಸ್ಕೂಲ್‌ನತ್ತ ನೋಡುವುದರಲ್ಲಿ ಸಂಕೋಚ ಬೇಡ.

ವಿಶ್ವ ಶ್ರೇಯಾಂಕದ ಬಗ್ಗೆ ಮೊದಲ ವರ್ಷದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಅದರ ಲೆಕ್ಕ ತಿಳಿದಿದ್ದರೆ ಸಾಕು. 1986ರಲ್ಲಿ ಆರಂಭವಾದ ಈ ಶ್ರೇಯಾಂಕ ಎರಡು ವರ್ಷಗಳ ಅಂಕಗಳನ್ನು ಪರಿಗಣಿಸುತ್ತದೆ. ಗಳಿಸಿದ ಅಂಕಗಳು ಮೊದಲ 13 ವಾರ ಪೂರ್ಣ ಮೌಲ್ಯ ಹೊಂದಿದ್ದು, ಬಳಿಕ ವಾರವಾರವೂ ಕರಗುತ್ತ ಹೋಗುತ್ತವೆ. ಒಟ್ಟು ಅಂಕಗಳನ್ನು ಆಡಿದ ಟೂರ್ನಿಗಳ ಸಂಖ್ಯೆಯಿಂದ ಭಾಗಿಸುತ್ತಾರೆ, ಆದರೆ ಭಾಜಕ 40ಕ್ಕಿಂತ ಕೆಳಗಿಳಿಯುವುದಿಲ್ಲ. ಅಂದರೆ ಕಡಿಮೆ ಟೂರ್ನಿ ಆಡಿ ಸರಾಸರಿ ಏರಿಸಿಕೊಳ್ಳುವ ಉಪಾಯ ಹೊಸಬರಿಗೆ ಫಲಿಸದು.

ಯಾವ ವಾರ ಆಡಬೇಕು, ಯಾವ ವಾರ ಬಿಡಬೇಕು

ಸತತ ಮೂರು ವಾರ ಆಡಿ ಒಂದು ವಾರ ಬಿಡುವ ಕ್ರಮ ಹೆಚ್ಚಿನವರಿಗೆ ಹೊಂದುತ್ತದೆ. ನಾಲ್ಕನೇ ವಾರಕ್ಕೆ ಕಾಲು ಭಾರವಾಗುವುದು ಗೊತ್ತಾಗುತ್ತದೆ, ಆದರೆ ನಿರ್ಧಾರಗಳು ಮಂದವಾಗುವುದು ಗೊತ್ತಾಗುವುದಿಲ್ಲ. ಅದೇ ಹೆಚ್ಚು ದುಬಾರಿ. ಒಂದು ಸುತ್ತಿಗೆ ಏಳೆಂಟು ಕಿಲೋಮೀಟರ್ ನಡೆಯಬೇಕಾಗುತ್ತದೆ; ಅಭ್ಯಾಸದ ಸುತ್ತು, ಹವ್ಯಾಸಿಗಳೊಂದಿಗೆ ಆಡುವ ಪ್ರೊ-ಆಮ್ ಎಲ್ಲ ಸೇರಿದರೆ ಒಂದು ವಾರದಲ್ಲಿ ನಲವತ್ತು ಕಿಲೋಮೀಟರ್ ದಾಟುವುದು ಸಾಮಾನ್ಯ. ಹತ್ತಿರದ ಊರುಗಳ ಟೂರ್ನಿಗಳನ್ನು ಒಂದು ಗುಂಪಾಗಿ ಮಾಡಿಕೊಂಡರೆ ಪ್ರಯಾಣದ ಖರ್ಚೂ ದಣಿವೂ ತಗ್ಗುತ್ತವೆ.

ಮೈದಾನದ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಕ್ಷಿಣ ಆಫ್ರಿಕಾದ ಸನ್‌ಶೈನ್ ಟೂರ್‌ನಲ್ಲಿ ಒಂದು ವಾರ ಸುಮಾರು 1,700 ಮೀಟರ್ ಎತ್ತರದ ಜೊಹಾನ್ಸ್‌ಬರ್ಗ್‌ನಲ್ಲಿ ಆಡಿ, ಮುಂದಿನ ವಾರ ಸಮುದ್ರ ಮಟ್ಟದ ಕರಾವಳಿಯಲ್ಲಿ ಆಡಬೇಕಾಗಬಹುದು. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಚೆಂಡು ಶೇ 6ರಿಂದ 10ರಷ್ಟು ಹೆಚ್ಚು ದೂರ ಹೋಗುತ್ತದೆ; 150 ಮೀಟರ್‌ನ ಹೊಡೆತದಲ್ಲಿ ಇದು ಒಂದು ಕ್ಲಬ್‌ನಷ್ಟು (ಹೊಡೆಯುವ ಕೋಲನ್ನೇ ಬದಲಿಸುವಷ್ಟು), ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ. ಹಾಗಾಗಿ ಎತ್ತರ ಬದಲಾಗುವ ವಾರ ಒಂದು ದಿನ ಮುಂಚಿತವಾಗಿ ತಲುಪಿ, ಪ್ರತಿ ಕ್ಲಬ್‌ನ ದೂರವನ್ನು ಅಲ್ಲಿಯೇ ಹೊಸದಾಗಿ ಅಳೆದು ಬರೆದುಕೊಳ್ಳಬೇಕು. ಹಳೆಯ ಅಂಕಿಗಳಿಗೆ ಮನಸ್ಸಿನಲ್ಲೇ ಶೇಕಡಾವಾರು ಸೇರಿಸುವುದು ಗುರುವಾರ ಬೆಳಿಗ್ಗೆ ಕೈಕೊಡುತ್ತದೆ, ಏಕೆಂದರೆ ಎತ್ತರಕ್ಕೆ ಹಾರುವ ಕ್ಲಬ್‌ಗೂ ತಗ್ಗಿನಲ್ಲಿ ಸಾಗುವ ಕ್ಲಬ್‌ಗೂ ವ್ಯತ್ಯಾಸ ಒಂದೇ ಪ್ರಮಾಣದಲ್ಲಿರುವುದಿಲ್ಲ.

ಪ್ರವೇಶದ ಕೊನೆಯ ದಿನ ಮತ್ತು ಹಿಂದೆ ಸರಿಯುವ ಕೊನೆಯ ದಿನ ಇವೆರಡನ್ನೂ ಪ್ರತಿ ಟೂರ್ನಿಯ ಎದುರು ಬರೆದಿಡಿ. ಗಡುವು ದಾಟಿ ಹಿಂದೆ ಸರಿದರೆ ದಂಡ ಬೀಳುತ್ತದೆ. ಕಾಯುವ ಪಟ್ಟಿಯಲ್ಲಿದ್ದರೆ, ಎಷ್ಟನೇ ಸ್ಥಾನದವರೆಗೆ ಸಾಮಾನ್ಯವಾಗಿ ಜಾಗ ಸಿಗುತ್ತದೆ ಎಂದು ಟೂರ್ ಕಚೇರಿಯನ್ನೇ ಕೇಳಬಹುದು. ಅವರು ಭರವಸೆ ಕೊಡುವುದಿಲ್ಲ, ಆದರೆ ಅಂದಾಜು ಹೇಳುತ್ತಾರೆ.

ಹಣದ ಪುಸ್ತಕ

ನನ್ನ ಅನುಭವದಲ್ಲಿ ಮೊದಲ ಋತುವನ್ನು ನಡುವೆಯೇ ಕೈಬಿಟ್ಟವರಲ್ಲಿ ಹೆಚ್ಚಿನವರನ್ನು ಸೋಲಿಸಿದ್ದು ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟರ್ ಅಲ್ಲ, ಹಣದ ಲೆಕ್ಕ. ಲೆಕ್ಕ ಇಡುವ ವಿಧಾನ ಹೀಗಿರಲಿ. ಒಂದು ವಾರದ ಸರಾಸರಿ ಖರ್ಚನ್ನು ಪ್ರಾಮಾಣಿಕವಾಗಿ ಬರೆಯಿರಿ: ಪ್ರಯಾಣ, ಗಾಲ್ಫ್ ಚೀಲಕ್ಕೆ ವಿಮಾನದವರು ತೆಗೆದುಕೊಳ್ಳುವ ಹೆಚ್ಚುವರಿ ಶುಲ್ಕ, ವಸತಿ, ಊಟ, ಪ್ರವೇಶ ಶುಲ್ಕ, ಕ್ಯಾಡಿ, ಅಭ್ಯಾಸದ ಚೆಂಡುಗಳು, ಬಟ್ಟೆ ಒಗೆಸುವುದು. ಅದನ್ನು ನೀವು ಆಡಲಿರುವ ವಾರಗಳಿಂದ ಗುಣಿಸಿ, ಬಂದ ಮೊತ್ತಕ್ಕೆ ನಾಲ್ಕನೇ ಒಂದು ಭಾಗವನ್ನು ಅನಿರೀಕ್ಷಿತ ಖರ್ಚಿಗೆಂದು ಸೇರಿಸಿ. ಈ ಪೂರ್ಣ ಮೊತ್ತ ಋತುವಿನ ಮೊದಲ ದಿನವೇ ಕೈಯಲ್ಲಿರಬೇಕು, ಅಥವಾ ಬರುವ ದಿನಾಂಕ ಬರಹದಲ್ಲಿ ಖಚಿತವಾಗಿರಬೇಕು. ಬಹುಮಾನದ ಹಣವನ್ನು ಆದಾಯದ ಕಾಲಂನಲ್ಲಿ ಸೊನ್ನೆ ಎಂದೇ ಬರೆಯಿರಿ. ಇಷ್ಟು ಹಣ ಇಲ್ಲವೆಂದಾದರೆ ಟೂರ್ನಿಗಳ ಸಂಖ್ಯೆಯನ್ನು ಈಗಲೇ ಕಡಿಮೆ ಮಾಡುವುದು ಒಳಿತು. ಹನ್ನೆರಡು ಟೂರ್ನಿಗಳನ್ನು ನೆಮ್ಮದಿಯಿಂದ ಆಡುವವರು, ಇಪ್ಪತ್ತನ್ನು ಸಾಲದಲ್ಲಿ ಆಡುವವರಿಗಿಂತ ಒಳ್ಳೆಯ ವಾರಕ್ಕೆ ಹೆಚ್ಚು ಸಮೀಪದಲ್ಲಿರುತ್ತಾರೆ. ಮುಂದಿನ ಕಟ್ ದಾಟಿದರೆ ಮಾತ್ರ ಮನೆಗೆ ಹೋಗುವ ಟಿಕೆಟ್ ಎಂಬ ಸ್ಥಿತಿಯಲ್ಲಿ ಆರು ಅಡಿಯ ಪಟ್ ಮುಂದೆ ನಿಂತವರ ಕೈ ಹೇಗಿರುತ್ತದೆ ಎಂಬುದನ್ನು ನೋಡಿದ್ದೇನೆ.

ಬೆಂಬಲಿಗರಿಂದ ಹಣ ಪಡೆಯುವಾಗ ಬಂಧುಗಳಾಗಲಿ ಸ್ನೇಹಿತರಾಗಲಿ ಒಪ್ಪಂದ ಬರಹದಲ್ಲಿರಲಿ. ಅವರಿಗೆ ಹೋಗುವ ಪಾಲು ಒಟ್ಟು ಬಹುಮಾನದ ಮೇಲೋ, ಖರ್ಚು ಮತ್ತು ತೆರಿಗೆ ಕಳೆದ ಮೇಲೋ; ಎಷ್ಟು ವರ್ಷಗಳವರೆಗೆ; ಹಾಕಿದ ಹಣ ಹಿಂದಿರುಗಿದ ಮೇಲೂ ಪಾಲು ಮುಂದುವರಿಯುತ್ತದೆಯೇ; ನೀವು ಮೇಲಿನ ಟೂರ್‌ಗೆ ಏರಿದರೆ ಅಲ್ಲಿನ ಗಳಿಕೆಗೂ ಅದು ಅನ್ವಯಿಸುತ್ತದೆಯೇ; ಈ ನಾಲ್ಕಕ್ಕೆ ಉತ್ತರವಿಲ್ಲದ ಒಪ್ಪಂದಕ್ಕೆ ಸಹಿ ಹಾಕಬಾರದು. ಕೊನೆಯ ಪ್ರಶ್ನೆಯನ್ನು ಆಗ ಯಾರೂ ಕೇಳುವುದಿಲ್ಲ, ಆಮೇಲೆ ಜಗಳ ಹುಟ್ಟುವುದು ಅದರಿಂದಲೇ.

ಟೂರ್ ಹಲವು ದೇಶಗಳಲ್ಲಿ ನಡೆಯುವುದಾದರೆ ಬಹುಮಾನದ ಹಣದಿಂದ ಆಯಾ ದೇಶದ ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುವುದು ಸಾಮಾನ್ಯ. ಪ್ರತಿ ಬಾರಿಯೂ ಕಡಿತದ ಪ್ರಮಾಣಪತ್ರವನ್ನು ಕೇಳಿ ಪಡೆದು ಒಂದೇ ಕಡೆ ಇಟ್ಟುಕೊಳ್ಳಿ. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದವಿದ್ದರೆ ಸ್ವದೇಶದ ಲೆಕ್ಕದಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಕಾಗದವಿಲ್ಲದಿದ್ದರೆ ಬರುವುದಿಲ್ಲ.

ಕ್ಯಾಡಿಗೆ ವಾರದ ಕೂಲಿಯ ಜೊತೆಗೆ ಗಳಿಕೆಯಲ್ಲಿ ಪಾಲು ಕೊಡುವುದು ಈ ವೃತ್ತಿಯ ರೂಢಿ. ದೊಡ್ಡ ಟೂರ್‌ಗಳಲ್ಲಿ ಕಟ್ ದಾಟಿದರೆ ಶೇ 5, ಮೊದಲ ಹತ್ತರೊಳಗೆ ಬಂದರೆ ಶೇ 7, ಗೆದ್ದರೆ ಶೇ 10 ಎಂಬುದು ಬಹಳ ಕಾಲದಿಂದ ಕೇಳಿಬರುವ ಲೆಕ್ಕ. ಪ್ರಾದೇಶಿಕ ಟೂರ್‌ನಲ್ಲಿ ಪೂರ್ಣಾವಧಿಯ ಕ್ಯಾಡಿಯನ್ನು ಜೊತೆಗೆ ಕರೆದೊಯ್ಯುವುದು ಎಲ್ಲರಿಗೂ ಸಾಧ್ಯವಾಗದು. ಆ ಮೈದಾನದಲ್ಲೇ ದಿನವೂ ಕೆಲಸ ಮಾಡುವ ಸ್ಥಳೀಯ ಕ್ಯಾಡಿಯನ್ನು ಹಿಡಿದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗಗಳಾದ ಗ್ರೀನ್‌ಗಳ ಇಳಿಜಾರಿನ ಬಗ್ಗೆ ಅವರ ಮಾತು ಯಾವ ನಕ್ಷೆಗಿಂತಲೂ ಬೆಲೆಬಾಳುತ್ತದೆ. ಆದರೆ ಕ್ಲಬ್ ಆಯ್ಕೆಯನ್ನು ನೀವೇ ಮಾಡಬೇಕು, ನಿಮ್ಮ ಹೊಡೆತದ ದೂರ ಅವರಿಗೆ ಗೊತ್ತಿಲ್ಲ.

ಚೀಲದಲ್ಲಿ ಏನಿರಬೇಕು

ನಿಯಮದ ಪ್ರಕಾರ 14 ಕ್ಲಬ್‌ಗಳಿಗಿಂತ ಹೆಚ್ಚು ಒಯ್ಯುವಂತಿಲ್ಲ. ತಪ್ಪಿದರೆ, ತಪ್ಪು ನಡೆದ ಪ್ರತಿ ಹೋಲ್‌ಗೆ ಎರಡು ಹೊಡೆತಗಳಂತೆ ಸುತ್ತಿಗೆ ಗರಿಷ್ಠ ನಾಲ್ಕು ಹೊಡೆತಗಳ ದಂಡ. 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ರಾಯಲ್ ಲಿದಮ್‌ನಲ್ಲಿ ವೇಲ್ಸ್‌ನ ಇಯಾನ್ ವೂಸ್ನಮ್ ಮೊದಲ ಹೋಲ್‌ನಲ್ಲಿ ಬರ್ಡಿ ಮಾಡಿ (ನಿಗದಿತ ಹೊಡೆತಗಳಾದ ಪಾರ್‌ಗಿಂತ ಒಂದು ಕಡಿಮೆಯಲ್ಲಿ ಮುಗಿಸಿ) ಮುನ್ನಡೆಯಲ್ಲಿ ಪಾಲು ಪಡೆದಿದ್ದರು. ಎರಡನೇ ಟೀಯಲ್ಲಿ (ಹೋಲ್‌ನ ಮೊದಲ ಹೊಡೆತದ ಜಾಗದಲ್ಲಿ) ನಿಂತಾಗ ಚೀಲದಲ್ಲಿ ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ಎರಡಿವೆ ಎಂದು ಕ್ಯಾಡಿ ಹೇಳಬೇಕಾಯಿತು. ಅಭ್ಯಾಸದ ವೇಳೆ ಪರೀಕ್ಷಿಸಿದ ಹೆಚ್ಚುವರಿ ಡ್ರೈವರ್ ಚೀಲದಲ್ಲೇ ಉಳಿದಿತ್ತು. ಎರಡು ಹೊಡೆತಗಳು ಹೋದವು, ಕೊನೆಗೆ ಅವರು ಜಂಟಿ ಮೂರನೆಯವರಾದರು. ಅದಕ್ಕಾಗಿ ಮೊದಲ ಟೀಗೆ ಹೋಗುವ ಮುನ್ನ ಎಣಿಸುವುದು ಕ್ಯಾಡಿಯ ಕೆಲಸ ಎಂದು ಬಿಡದೆ, ನೀವೂ ಒಮ್ಮೆ ಬೆರಳಿಟ್ಟು ಎಣಿಸಿ.

ಪ್ರಯಾಣದಲ್ಲಿ ಚೀಲ ತಡವಾಗಿ ಬರುವುದು ಆಗಾಗ ನಡೆಯುವ ಸಂಗತಿ. ನನ್ನ ಪರಿಚಯದ ಆಟಗಾರರೊಬ್ಬರ ಚೀಲ ಬುಧವಾರ ರಾತ್ರಿಯವರೆಗೂ ಬರಲಿಲ್ಲ. ಅವರ ಬಳಿ ಒಂದು ಹಾಳೆ ಇತ್ತು, ಅದೇ ಅವರನ್ನು ಉಳಿಸಿತು. ಆ ಹಾಳೆಯಲ್ಲಿ ಪ್ರತಿ ಕ್ಲಬ್‌ನ ಲಾಫ್ಟ್ (ಮುಖದ ಓರೆ), ಲೈ (ಕೋಲು ನೆಲಕ್ಕೆ ಮಾಡುವ ಕೋನ), ಉದ್ದ, ಶಾಫ್ಟ್‌ನ (ಕೋಲಿನ) ಬಿಗಿ, ಹಿಡಿಕೆಯ ದಪ್ಪ, ಹಿಡಿಕೆಯ ಕೆಳಗೆ ಸುತ್ತಿದ ಟೇಪಿನ ಪದರಗಳು ಕೂಡ ಬರೆದಿದ್ದವು. ಎರವಲು ತಂದ ಕ್ಲಬ್‌ಗಳಲ್ಲಿ ಹತ್ತಿರದವನ್ನು ಆರಿಸಿಕೊಂಡು, ಲೈ ಬಗ್ಗಿಸಿಕೊಂಡು ಅವರು ಗುರುವಾರ ಆಡಿದರು. ಇಂಥ ಹಾಳೆಯನ್ನು ಪ್ರತಿಯೊಬ್ಬರೂ ಇಟ್ಟುಕೊಂಡು, ಫೋನ್‌ನಲ್ಲೂ ಚಿತ್ರ ತೆಗೆದಿಡಬೇಕು. ಶೂ, ಕೈಗವಸು, ಒಂದು ಡಜನ್ ಚೆಂಡು, ಮಳೆ ಅಂಗಿ ಇವು ಕೈಚೀಲದಲ್ಲಿರಲಿ. ಎರವಲು ಕ್ಲಬ್‌ನಲ್ಲಿ ಆಡಬಹುದು, ಎರವಲು ಶೂನಲ್ಲಿ ಹದಿನೆಂಟು ಹೋಲ್ ನಡೆಯಲಾಗದು. ಚೀಲದ ಒಳಗೆ ಡ್ರೈವರ್‌ಗಿಂತ ಎತ್ತರದ ಊರುಕೋಲು ನಿಲ್ಲಿಸಿದರೆ ಮೇಲಿನಿಂದ ಬೀಳುವ ಪೆಟ್ಟು ಅದಕ್ಕೆ ತಗಲುತ್ತದೆ.

ಸೋಮವಾರದಿಂದ ಬುಧವಾರದವರೆಗೆ

ಅಭ್ಯಾಸದ ಸುತ್ತಿನಲ್ಲಿ ಸ್ಕೋರ್ ಎಣಿಸುವವರು ಆ ಸುತ್ತನ್ನು ವ್ಯರ್ಥ ಮಾಡುತ್ತಾರೆ. ಅದು ಮಾಹಿತಿ ಸಂಗ್ರಹದ ಕೆಲಸ. ಪ್ರತಿ ಟೀಯಲ್ಲಿ ಎರಡು ಕ್ಲಬ್‌ಗಳಿಂದ ಹೊಡೆದು ನೋಡಿ, ಯಾವ ಬಂಕರ್ (ಮರಳು ಗುಂಡಿ) ದಾಟಲು ಎಷ್ಟು ಗಾಳಿಯಲ್ಲಿ ಎಷ್ಟು ದೂರ ಬೇಕು ಎಂಬುದನ್ನು ಮೈದಾನದ ದೂರಗಳನ್ನು ತೋರಿಸುವ ಯಾರ್ಡೇಜ್ ಪುಸ್ತಕದಲ್ಲಿ ಬರೆಯಿರಿ. ಗ್ರೀನ್ ತಲುಪಿದ ಮೇಲೆ ಆ ದಿನದ ಕುಳಿಯನ್ನು ಮರೆತು, ಟೂರ್ನಿಯ ನಾಲ್ಕು ದಿನ ಕುಳಿ ಎಲ್ಲೆಲ್ಲಿ ಇರಬಹುದೆಂದು ಊಹಿಸಿ, ಅಲ್ಲಿ ಒಂದೊಂದು ಟೀ ಕಡ್ಡಿ ಚುಚ್ಚಿ ಅದರತ್ತ ಪಟ್ ಮಾಡಬೇಕು. ಗ್ರೀನ್‌ನ ಯಾವ ಬದಿಯಲ್ಲಿ ಚೆಂಡು ಹೊರಗೆ ಬಿದ್ದರೆ ಪಾರ್ ಉಳಿಸುವುದು ಅಸಾಧ್ಯವೋ ಆ ಬದಿಗೆ ಪುಸ್ತಕದಲ್ಲಿ ಅಡ್ಡಗೆರೆ ಎಳೆಯಿರಿ. ಹದಿನೆಂಟು ಹೋಲ್‌ಗಳಲ್ಲಿ ಇಂಥ ಅಡ್ಡಗೆರೆಗಳು ಐದಾರು ಇರುತ್ತವೆ. ವಾರದ ಡಬಲ್ ಬೋಗಿಗಳಲ್ಲಿ (ಪಾರ್‌ಗಿಂತ ಎರಡು ಹೊಡೆತ ಹೆಚ್ಚಾದ ಹೋಲ್‌ಗಳಲ್ಲಿ) ಹೆಚ್ಚಿನವು ಅಲ್ಲಿಯೇ ಹುಟ್ಟುತ್ತವೆ.

ಬರ್ಮುಡಾ ಹುಲ್ಲಿನ ಗ್ರೀನ್ ಆದರೆ ಎಸಳುಗಳು ಒಂದು ದಿಕ್ಕಿಗೆ ವಾಲಿ ಬೆಳೆಯುತ್ತವೆ, ಚೆಂಡನ್ನೂ ಆ ದಿಕ್ಕಿಗೆ ಎಳೆಯುತ್ತವೆ. ಇದನ್ನು ಗುರುತಿಸಲು ಕುಳಿಯ ಅಂಚನ್ನು ಬಗ್ಗಿ ನೋಡಬೇಕು. ಒಂದು ಬದಿಯ ಅಂಚು ಚಾಕುವಿನಿಂದ ಕೊಯ್ದಂತೆ ಚೊಕ್ಕವಾಗಿದ್ದು, ಇನ್ನೊಂದು ಬದಿ ಸವೆದು ಒರಟಾಗಿ ಕಂದಿದ್ದರೆ, ಹುಲ್ಲು ಆ ಸವೆದ ಬದಿಯತ್ತ ಬೆಳೆಯುತ್ತಿದೆ ಎಂದರ್ಥ. ಚೆಂಡಿನ ಹಿಂದೆ ನಿಂತಾಗ ಹುಲ್ಲು ಹೊಳೆದು ಬೆಳ್ಳಗೆ ಕಂಡರೆ ಅದು ನಿಮ್ಮಿಂದ ದೂರಕ್ಕೆ ವಾಲಿದೆ, ಪಟ್ ಬೇಗ ಓಡುತ್ತದೆ. ದಟ್ಟ ಹಸಿರಾಗಿ ಮಂಕಾಗಿ ಕಂಡರೆ ಎದುರಿಗೆ ವಾಲಿದೆ, ಪಟ್ ನಿಧಾನವಾಗುತ್ತದೆ. ಬೆಂಟ್ ಹುಲ್ಲಿನ ಗ್ರೀನ್‌ಗಳಲ್ಲಿ ಅಭ್ಯಾಸ ಮಾಡಿ ಬಂದವರು ಮೊದಲ ವಾರ ಎರಡು ಅಡಿ ಹಿಂದೆ ಉಳಿಯುವ ಪಟ್‌ಗಳನ್ನು ಕಂಡು ತಮ್ಮ ಕೈಯನ್ನೇ ಅನುಮಾನಿಸುತ್ತಾರೆ, ಕಾರಣ ಕಾಲಡಿಯಲ್ಲಿರುತ್ತದೆ.

ಪ್ರೊ-ಆಮ್‌ಗೆ ಕರೆ ಬಂದರೆ ಅದನ್ನು ಕೆಲಸವೆಂದೇ ಭಾವಿಸಿ. ಜೊತೆಗೆ ಆಡುವ ಹವ್ಯಾಸಿಗಳೇ ಟೂರ್ನಿಯ ಹಣ ತಂದವರು. ಅವರ ಹೆಸರು ನೆನಪಿಟ್ಟು, ಅವರ ಚೆಂಡು ಹುಡುಕಲು ಹೆಜ್ಜೆ ಹಾಕುವ ಆಟಗಾರರಿಗೆ ಮುಂದಿನ ವರ್ಷದ ಬೆಂಬಲ ಅಲ್ಲಿಂದಲೇ ಸಿಕ್ಕ ಉದಾಹರಣೆಗಳು ಕಡಿಮೆಯಿಲ್ಲ.

ಗುರುವಾರ ಮತ್ತು ಶುಕ್ರವಾರ

ಟೀ ಸಮಯ 7.40 ಎಂದರೆ 7.40ಕ್ಕೆ ಸಿದ್ಧವಾಗಿ ನಿಂತಿರಬೇಕು. ಐದು ನಿಮಿಷದೊಳಗೆ ತಡವಾದರೆ ಎರಡು ಹೊಡೆತಗಳ ದಂಡ, ಅದಕ್ಕಿಂತ ಹೆಚ್ಚಾದರೆ ಅನರ್ಹತೆ. ಚೆಂಡು ಹುಡುಕಲು ಇರುವ ಅವಧಿ 2019ರ ಪರಿಷ್ಕೃತ ನಿಯಮಗಳಲ್ಲಿ ಐದು ನಿಮಿಷದಿಂದ ಮೂರಕ್ಕೆ ಇಳಿದಿರುವುದರಿಂದ, ಸಂಶಯವಿದ್ದರೆ, ಮೊದಲಿನದು ಸಿಗದಿದ್ದರೆ ಲೆಕ್ಕಕ್ಕೆ ಬರುವ ತಾತ್ಕಾಲಿಕ ಚೆಂಡನ್ನು ಆಗಲೇ ಹೊಡೆದು ಮುಂದುವರಿಯಿರಿ. ಟೂರ್‌ನ ಸ್ಥಳೀಯ ನಿಯಮಗಳ ಹಾಳೆಯನ್ನು ಬುಧವಾರವೇ ಓದಿರಬೇಕು: ದೂರಮಾಪಕ ಬಳಸಬಹುದೇ, ಯಾವ ಯಾರ್ಡೇಜ್ ಪುಸ್ತಕಕ್ಕೆ ಅನುಮತಿಯಿದೆ, ಫೇರ್‌ವೇಯಲ್ಲಿ (ಟೀ ಮತ್ತು ಗ್ರೀನ್ ನಡುವಿನ ಕತ್ತರಿಸಿದ ಹುಲ್ಲಿನಲ್ಲಿ) ಚೆಂಡು ಎತ್ತಿ ಒರೆಸಿ ಇಡಬಹುದೇ ಎಂಬುದು ವಾರದಿಂದ ವಾರಕ್ಕೆ ಬದಲಾಗುತ್ತದೆ.

ಸ್ಕೋರ್‌ಕಾರ್ಡ್ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ನಿಮ್ಮ ಕಾರ್ಡ್ ಬರೆಯುವವರು ಜೊತೆ ಆಟಗಾರರು. ಅದನ್ನು ಪರಿಶೀಲಿಸಿ ದೃಢೀಕರಿಸುವ ಹೊಣೆ ನಿಮ್ಮದು. 1968ರ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ ಅರ್ಜೆಂಟೀನಾದ ರಾಬರ್ಟೋ ಡಿ ವಿಸೆನ್ಸೋ ಹದಿನೇಳನೇ ಹೋಲ್‌ನಲ್ಲಿ ಮೂರು ಹೊಡೆದಿದ್ದರು, ಜೊತೆಗಾರರು ನಾಲ್ಕು ಎಂದು ಬರೆದರು, ಡಿ ವಿಸೆನ್ಸೋ ನೋಡದೆ ಸಹಿ ಹಾಕಿದರು. ನಿಯಮದಂತೆ ಹೆಚ್ಚಿನ ಸ್ಕೋರೇ ಉಳಿಯಿತು, 65 ಹೋಗಿ 66 ಆಯಿತು, ಪ್ಲೇ-ಆಫ್ ತಪ್ಪಿ ಬಾಬ್ ಗೋಲ್ಬಿ ಒಂದು ಹೊಡೆತದಿಂದ ಚಾಂಪಿಯನ್ ಆದರು. ಅದು ಡಿ ವಿಸೆನ್ಸೋ ಅವರ 45ನೇ ಹುಟ್ಟುಹಬ್ಬ. ತಪ್ಪು ಇನ್ನೊಂದು ದಿಕ್ಕಿನಲ್ಲಿದ್ದು, ಹೊಡೆದದ್ದಕ್ಕಿಂತ ಕಡಿಮೆ ಬರೆದಿದ್ದರೆ ಅನರ್ಹತೆಯೇ ಗತಿ. ಒಟ್ಟು ಮೊತ್ತ ಕೂಡುವುದು ಸಮಿತಿಯ ಕೆಲಸವಾದ್ದರಿಂದ ಅದರ ಕಡೆ ನೋಡಬೇಡಿ. ಮೊತ್ತ ಸರಿಯಿದ್ದು ಎರಡು ಹೋಲ್‌ಗಳ ಅಂಕಿ ಅದಲುಬದಲಾಗಿರಲು ಸಾಧ್ಯ. ಪ್ರತಿ ಹೋಲ್‌ನ ಅಂಕಿಯನ್ನು ಗಟ್ಟಿಯಾಗಿ ಓದಿ, ನಿಮ್ಮದೇ ಪುಸ್ತಕದ ಅಂಕಿಯೊಂದಿಗೆ ಜೊತೆಗಾರರ ಎದುರೇ ತಾಳೆ ನೋಡಿ. ಸ್ಕೋರಿಂಗ್ ಜಾಗದಿಂದ ಹೊರಗೆ ಹೆಜ್ಜೆ ಇಟ್ಟ ಮೇಲೆ ತಿದ್ದಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಕಟ್ ತಪ್ಪಿದ ಸಿಟ್ಟಿನಲ್ಲಿ ಕಾರ್ಡ್ ಎಸೆದು ಹೋಗುವವರನ್ನು ನೋಡಿದ್ದೇನೆ. ಅಂಥವರು ಮೂರು ವಾರದ ನಂತರ ಕಟ್ ದಾಟಿದ ದಿನವೂ ಅದೇ ಅವಸರದಲ್ಲಿರುತ್ತಾರೆ.

ಶುಕ್ರವಾರ ಮಧ್ಯಾಹ್ನ ಆಡುವಾಗ ಕಟ್ ಎಲ್ಲಿ ನಿಲ್ಲಬಹುದೆಂಬ ಅಂದಾಜು ಫಲಕದ ಮೇಲೆ ಕಾಣುತ್ತಿರುತ್ತದೆ. ಒಂದು ಹೊಡೆತ ಹಿಂದಿದ್ದು ನಾಲ್ಕು ಹೋಲ್ ಉಳಿದಿದ್ದರೆ, ಪ್ರತಿ ಕುಳಿಗೂ ನೇರ ಗುರಿಯಿಡುವ ಆಸೆ ಹುಟ್ಟುತ್ತದೆ. ಆ ನಾಲ್ಕರಲ್ಲಿ ಬರ್ಡಿಗೆ ಅತ್ಯುತ್ತಮ ಅವಕಾಶ ಕೊಡುವ ಒಂದನ್ನು ಆರಿಸಿಕೊಂಡು ಅಲ್ಲಿ ಮಾತ್ರ ದಾಳಿ ಮಾಡುವುದು, ಉಳಿದ ಮೂರರಲ್ಲಿ ಗ್ರೀನ್‌ನ ನಡುಭಾಗಕ್ಕೆ ಆಡುವುದು ಲೆಕ್ಕದ ಪ್ರಕಾರ ಮೇಲು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಪಿಜಿಎ ಟೂರ್‌ನ ಹೊಡೆತಗಳ ದತ್ತಾಂಶದಿಂದ ತೋರಿಸಿದಂತೆ, ಅಲ್ಲಿನ ಆಟಗಾರರು ಕೂಡ ಎಂಟು ಅಡಿಯ ಪಟ್‌ಗಳಲ್ಲಿ ಅರ್ಧದಷ್ಟನ್ನು ಮಾತ್ರ ಕುಳಿಗೆ ಹಾಕುತ್ತಾರೆ, 33 ಅಡಿಯಿಂದ ಅವರಿಗೆ ಸರಾಸರಿ ಎರಡು ಪಟ್ ಬೇಕಾಗುತ್ತವೆ. ಟಿವಿಯಲ್ಲಿ ಬೀಳುವ ಪಟ್‌ಗಳನ್ನೇ ನೋಡಿ ಬೆಳೆದವರಿಗೆ ಈ ಅಂಕಿಗಳು ಸಮಾಧಾನ ಕೊಡುತ್ತವೆ.

ಕಟ್ ತಪ್ಪಿದ ಶನಿವಾರ

ಮೊದಲ ಋತುವಿನಲ್ಲಿ ಇಂಥ ಶನಿವಾರಗಳು ಅನೇಕ ಬರುತ್ತವೆ, ಅವುಗಳಿಗೂ ಯೋಜನೆ ಬೇಕು. ಶುಕ್ರವಾರ ರಾತ್ರಿಯೇ ಅಭ್ಯಾಸದ ಮೈದಾನಕ್ಕೆ ಹೋಗಿ ಮುನ್ನೂರು ಚೆಂಡು ಹೊಡೆಯುವುದರಿಂದ ಸಿಟ್ಟು ಇಳಿಯಬಹುದು, ಆಟ ಸುಧಾರಿಸದು. ಬದಲಿಗೆ ಎರಡು ಸುತ್ತಿನ ಪ್ರತಿ ಹೊಡೆತವನ್ನು ಬರೆಯಿರಿ: ಎಷ್ಟು ದೂರದಿಂದ, ಎಂಥ ನೆಲದಿಂದ, ಎಲ್ಲಿಗೆ ಹೋಯಿತು. ಇದೇ ಬ್ರಾಡಿ ರೂಪಿಸಿದ ‘ಸ್ಟ್ರೋಕ್ಸ್ ಗೇನ್ಡ್’ ವಿಧಾನದಲ್ಲಿ, ಪ್ರತಿ ಹೊಡೆತ ಆ ದೂರದ ಸರಾಸರಿಗಿಂತ ಎಷ್ಟು ಗಳಿಸಿತು ಅಥವಾ ಕಳೆಯಿತು ಎಂದು ಅಳೆಯುತ್ತಾರೆ. ಪಟಿಂಗ್‌ಗೆ ಇದನ್ನು ಪಿಜಿಎ ಟೂರ್ 2011ರಲ್ಲಿ ಅಧಿಕೃತವಾಗಿ ಅಳವಡಿಸಿಕೊಂಡಿತು. ಉತ್ತಮ ಆಟಗಾರರಿಗೂ ಸಾಮಾನ್ಯ ಆಟಗಾರರಿಗೂ ನಡುವಿನ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡರಷ್ಟು ನೂರು ಗಜಕ್ಕಿಂತ ದೂರದ ಹೊಡೆತಗಳಿಂದಲೇ ಬರುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಕಟ್ ತಪ್ಪಿದವರಲ್ಲಿ ಹೆಚ್ಚಿನವರು ಪಟ್ಟರ್ ಅನ್ನು ದೂರುತ್ತಾರೆ, ಬರೆದು ನೋಡಿದಾಗ ತಪ್ಪು ದೂರದ ಹೊಡೆತದ ಕ್ಲಬ್ ಆದ ಐದನೇ ಐರನ್‌ನಲ್ಲಿರುತ್ತದೆ. ಒಂದು ವಾರದ ಅಂಕಿಗಳನ್ನು ನಂಬಿ ಏನನ್ನೂ ಬದಲಿಸಬೇಡಿ. ಆರೇಳು ಟೂರ್ನಿಗಳ ಅಂಕಿಗಳು ಒಂದೇ ಕಡೆ ಬೆರಳು ತೋರಿಸಿದರೆ ಆಗ ತರಬೇತುದಾರರ ಮುಂದಿಡಿ.

ಋತುವಿನ ಕೊನೆಯ ವಾರಗಳು

ಕೊನೆಯ ನಾಲ್ಕೈದು ಟೂರ್ನಿಗಳು ಬಂದಾಗ ಆರ್ಡರ್ ಆಫ್ ಮೆರಿಟ್‌ನಲ್ಲಿ ಎರಡು ಗೆರೆಗಳ ಮೇಲೆ ಕಣ್ಣಿರಲಿ: ಮುಂದಿನ ವರ್ಷಕ್ಕೆ ಪೂರ್ಣ ಕಾರ್ಡ್ ಉಳಿಯುವ ಸ್ಥಾನ, ಮತ್ತು ಕ್ಯೂ-ಸ್ಕೂಲ್‌ನ ಆರಂಭದ ಹಂತಗಳಿಂದ ವಿನಾಯಿತಿ ಸಿಗುವ ಸ್ಥಾನ. ಎರಡನೇ ಗೆರೆಯನ್ನು ಬಹಳ ಮಂದಿ ಗಮನಿಸುವುದೇ ಇಲ್ಲ, ಆದರೆ ನೇರವಾಗಿ ಕೊನೆಯ ಹಂತಕ್ಕೆ ಹೋಗುವುದೆಂದರೆ ಒಂದೆರಡು ವಾರಗಳ ಖರ್ಚು ಮತ್ತು ಎಡವುವ ಒಂದೆರಡು ಸಂದರ್ಭಗಳು ಕಡಿಮೆಯಾದಂತೆ. ಕೊನೆಯ ಟೂರ್ನಿಗಳಲ್ಲಿ ಬಹುಮಾನದ ಮೊತ್ತ ದೊಡ್ಡದಾಗಿದ್ದರೆ ಒಂದೇ ವಾರದಲ್ಲಿ ಇಪ್ಪತ್ತು ಸ್ಥಾನ ಏರಬಹುದು, ಆಡದವರು ಅಷ್ಟೇ ಇಳಿಯಬಹುದು. ವಿಶ್ರಾಂತಿಯ ವಾರಗಳನ್ನೂ ಉಳಿಸಿಟ್ಟ ನಾಲ್ಕನೇ ಒಂದು ಭಾಗದ ಹಣವನ್ನೂ ಈ ಸಮಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಳಸಿರಬೇಕು.

ಕ್ಯೂ-ಸ್ಕೂಲ್ ಅರ್ಜಿಯ ಗಡುವು ಋತುವಿನ ಕೊನೆಯ ಟೂರ್ನಿಗಿಂತ ಮುಂಚೆ ಬೀಳುವುದುಂಟು. ಕಾರ್ಡ್ ಉಳಿಯುತ್ತದೆ ಎಂಬ ಭರವಸೆಯಲ್ಲಿ ಅರ್ಜಿ ಹಾಕದೆ ಕಾದವರು, ಕೊನೆಯ ಭಾನುವಾರ ಎರಡು ಸ್ಥಾನಗಳಿಂದ ಕೆಳಗಿಳಿದು, ಮುಂದಿನ ವರ್ಷ ಎಲ್ಲಿಯೂ ಆಡಲಾಗದ ಸ್ಥಿತಿಗೆ ಬರುತ್ತಾರೆ. ಆದ್ದರಿಂದ ಪಟ್ಟಿಯಲ್ಲಿ ನಿಮ್ಮ ಸ್ಥಾನ ಎಷ್ಟೇ ಭದ್ರವಾಗಿ ಕಂಡರೂ ಅರ್ಜಿಯ ದಿನಾಂಕವನ್ನು ಋತುವಿನ ಮೊದಲ ದಿನವೇ ವೇಳಾಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ, ಶುಲ್ಕದ ಹಣವನ್ನು ಬೇರೆಯಾಗಿ ತೆಗೆದಿಡಿ, ಮತ್ತು ಕಾರ್ಡ್ ಉಳಿದರೆ ಯಾವ ದಿನಾಂಕದೊಳಗೆ ಅರ್ಜಿ ಹಿಂತೆಗೆದುಕೊಳ್ಳಬಹುದೆಂಬುದನ್ನೂ ಅದರ ಪಕ್ಕದಲ್ಲೇ ಗುರುತು ಮಾಡಿಕೊಳ್ಳಿ.